ಟ್ವೈಲೈಟ್ ಸ್ಟ್ರಗಲ್: ಆಟ ಭರ್ಜರಿ, ಅದರೊಳಗಿನ 1971 ಮಾತ್ರ ಅರ್ಧಂಬರ್ಧ

ನಮ್ಮ ಮಾವನವರು ಇಸ್ಪೀಟಿನಲ್ಲಿ ಎತ್ತಿದ ಕೈ. ರಮ್ಮಿ ಆಗಲಿ, ಇಪ್ಪತ್ತೆಂಟು ಆಗಲಿ, ಅವರ ಎದುರು ಕೂತರೆ ಸೋಲು ಗ್ಯಾರಂಟಿ. ಮದುವೆಯಾದಾಗಿನಿಂದ ಸೋತು ಸೋತು ಸಾಕಾಗಿತ್ತು. ಅವರಿಗೆ ಗೊತ್ತೇ ಇಲ್ಲದ ಒಂದು ಆಟ ತರಿಸಿ ಒಂದು ಸಲವಾದರೂ ಗೆಲ್ಲೋಣ ಅಂತ ಹೊಂಚು ಹಾಕಿ ತರಿಸಿದ್ದು ಈ ಟ್ವೈಲೈಟ್ ಸ್ಟ್ರಗಲ್. ಈಗ ಹದಿನೆಂಟು ಆಟ ಆಗಿವೆ. ಹನ್ನೊಂದು ಅವರೇ ಗೆದ್ದಿದ್ದಾರೆ. ಅದು ಇರಲಿ ಬಿಡಿ.

ಆಟ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಜಿಎಂಟಿ ಗೇಮ್ಸ್ ಅನ್ನುವ ಅಮೆರಿಕದ ಕಂಪನಿ 2005ರಲ್ಲಿ ತಂದ ಬೋರ್ಡ್ ಗೇಮ್ ಇದು. ಇಬ್ಬರೇ ಆಡಬೇಕು. ಒಬ್ಬರು ಅಮೆರಿಕ, ಇನ್ನೊಬ್ಬರು ಸೋವಿಯತ್ ಒಕ್ಕೂಟ. ಎರಡನೇ ಮಹಾಯುದ್ಧ ಮುಗಿದಲ್ಲಿಂದ 1989ರವರೆಗಿನ ಶೀತಲ ಸಮರವನ್ನು ಹತ್ತು ಸುತ್ತಿನಲ್ಲಿ ಆಡಿ ಮುಗಿಸಬೇಕು. ಮಧ್ಯದಲ್ಲಿ ದೊಡ್ಡ ಭೂಪಟ. ಅದರ ಮೇಲೆ ದೇಶಗಳು ಒಂದೊಂದು ಚೌಕ. ಆ ಚೌಕಗಳಲ್ಲಿ ನಿಮ್ಮ ಪ್ರಭಾವದ ಬಿಲ್ಲೆ ಇಡುತ್ತಾ ಹೋಗಬೇಕು, ಎದುರಾಳಿಯ ಬಿಲ್ಲೆ ಕೀಳುತ್ತಾ ಹೋಗಬೇಕು. ಪಾಯಿಂಟಿನ ಲೆಕ್ಕ ಹಗ್ಗಜಗ್ಗಾಟದ ಹಾಗೆ, ಇಬ್ಬರಿಗೂ ಒಂದೇ ಪಟ್ಟಿ. ನಾನು ಗಳಿಸಿದ್ದು ಅವರು ಕಳೆದುಕೊಂಡದ್ದು. ಯಾರಾದರೂ ತಮ್ಮ ಕಡೆ ಇಪ್ಪತ್ತರವರೆಗೆ ಎಳೆದರೆ ಅಲ್ಲಿಗೇ ಆಟ ಬಂದ್. ಬೋರ್ಡ್ ಗೇಮ್ ಆಡುವವರ ಲೋಕದಲ್ಲಿ ಇದು ಹಲವು ವರ್ಷ ಮೊದಲ ಸ್ಥಾನದಲ್ಲಿ ಕೂತಿದ್ದ ಆಟ. ಆಡಿದ ಮೇಲೆ ಯಾಕೆ ಅಂತ ಗೊತ್ತಾಗುತ್ತದೆ.

ನಾನು ತರಿಸಿದ್ದು ಡಿಲಕ್ಸ್ ಆವೃತ್ತಿ. ದಪ್ಪ ರಟ್ಟಿನ ಭೂಪಟ, 110 ಕಾರ್ಡು, ಕೆಂಪು ನೀಲಿ ಬಿಲ್ಲೆಗಳ ರಾಶಿ, ಎರಡು ದಾಳ. ಹೊರದೇಶದಿಂದ ಬರುವ ಮಾಲು, ಬೆಲೆ ಕೇಳಿದರೆ ಮನೆಯವರ ಮುಖ ಸಣ್ಣಗಾಗುತ್ತದೆ, ಅಷ್ಟು ಮಾತ್ರ ಹೇಳಬಲ್ಲೆ. ನಾನು ಕೊಂಡ ಆನ್‌ಲೈನ್ ಅಂಗಡಿ ಪೆಟ್ಟಿಗೆಯ ಒಂದು ಮೂಲೆಯನ್ನು ಚೆನ್ನಾಗಿ ನಜ್ಜುಗುಜ್ಜು ಮಾಡಿಯೇ ಕಳಿಸಿತ್ತು. ಒಳಗಿನ ಸಾಮಾನಿಗೆ ಏನೂ ಆಗಿರಲಿಲ್ಲ, ಹಾಗಾಗಿ ಜಗಳಕ್ಕೆ ಹೋಗಲಿಲ್ಲ. ಕಾರ್ಡಿನ ಮೇಲಿನ ಅಕ್ಷರ ಮಾತ್ರ ಸಣ್ಣದು. ಮಾವನವರಿಗೆ ಓದುವ ಕನ್ನಡಕ ಸಾಲದೆ ಮೊದಲ ದಿನ ಭೂತಗನ್ನಡಿ ಹಿಡಿದೇ ಕೂತಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿ ಇದೆ ಅನ್ನುವುದನ್ನೂ ನೆನಪಿಡಿ. ಇಂಗ್ಲಿಷ್ ಅಷ್ಟಾಗಿ ಬಾರದವರ ಜೊತೆ ಆಡುವುದಾದರೆ ಪ್ರತಿ ಕಾರ್ಡನ್ನೂ ಓದಿ ಹೇಳಬೇಕು, ಓದಿ ಹೇಳಿದರೆ ಕೈಯಲ್ಲಿರೋ ಎಲೆ ಬಯಲಾಗುತ್ತದೆ. ಫಜೀತಿ.

ಒಂದು ಆಟಕ್ಕೆ ಮೂರು ಗಂಟೆ. ಮೊದಲ ಸಲ ನಮಗೆ ಐದು ಗಂಟೆ ಹಿಡಿಯಿತು. ಮಧ್ಯೆ ಎರಡು ಸಲ ಕಾಫಿ, ಒಂದು ಸಲ ಊಟ, ಒಂದು ಸಲ ನಮ್ಮ ಮನೆಯವಳು ಬಂದು "ಇನ್ನೂ ಮುಗೀಲಿಲ್ವಾ ನಿಮ್ಮ ಯುದ್ಧ" ಅಂತ ಕೇಳಿ ಹೋಗಿದ್ದು. ಸುಮ್ನೆ ಟೈಂ ಪಾಸಿಗೆ ಏನಾದರೂ ಬೇಕು ಅನ್ನುವವರು ಚೌಕಾಬಾರ ಆಡಿ, ಇದರ ತಂಟೆಗೆ ಬರಬೇಡಿ. ಕಂಪ್ಯೂಟರಿನಲ್ಲೂ ಫೋನಿನಲ್ಲೂ ಈ ಆಟ ಸಿಗುತ್ತದೆ. ನಿಯಮ ಕಲಿಯುವುದಕ್ಕೆ ಅದು ಒಳ್ಳೆಯದು, ಲೆಕ್ಕವೆಲ್ಲ ಅದೇ ಮಾಡಿಕೊಳ್ಳುತ್ತದೆ. ಆದರೆ ಎದುರಿಗೆ ಕೂತವರ ಮುಖ ನೋಡದೆ ಇದನ್ನು ಆಡಿದರೆ ಉಪ್ಪಿಲ್ಲದ ಸಾರು.

ಯಾಕೆ ಅಂದರೆ ಈ ಆಟದ ಜೀವ ಇರುವುದು ಒಂದೇ ನಿಯಮದಲ್ಲಿ. ಪ್ರತಿ ಕಾರ್ಡಿನ ಮೇಲೆ ಒಂದು ಸಂಖ್ಯೆ, ಒಂದು ಘಟನೆ. ಸಂಖ್ಯೆ ಬಳಸಿದರೆ ಬಿಲ್ಲೆ ಇಡಬಹುದು, ಇಲ್ಲ ದಂಗೆ ಎಬ್ಬಿಸಬಹುದು. ಘಟನೆ ಅಂದರೆ ಇತಿಹಾಸದಲ್ಲಿ ನಡೆದದ್ದು. ಕೆಲವು ಘಟನೆ ಅಮೆರಿಕಕ್ಕೆ ಲಾಭ, ಕೆಲವು ಸೋವಿಯತ್ತಿಗೆ. ನಿಮ್ಮ ಕೈಗೆ ಎದುರಾಳಿಗೆ ಲಾಭವಾಗುವ ಕಾರ್ಡು ಬಂದರೆ ಏನು ಮಾಡ್ತೀರಿ? ಸಂಖ್ಯೆಯನ್ನು ನೀವು ಬಳಸಿಕೊಳ್ಳಬಹುದು, ಆದರೆ ಘಟನೆಯೂ ನಡೆದೇ ತೀರುತ್ತದೆ, ಅದೂ ನಿಮ್ಮ ಕೈಯಿಂದಲೇ. ನಾನು ಅಮೆರಿಕ, ನನ್ನ ಕೈಗೆ ಫ್ರಾನ್ಸಿನ ನಾಯಕ ಡಿ ಗಾಲ್ ಹೆಸರಿನ, ಸೋವಿಯತ್ತಿಗೆ ಲಾಭದ ಕಾರ್ಡು ಬಂದಿದೆ ಅಂತಿಟ್ಟುಕೊಳ್ಳಿ. ಅದರ ಮೂರು ಅಂಕ ಬಳಸಿ ನಾನು ಏಷ್ಯಾದಲ್ಲಿ ಬಿಲ್ಲೆ ಇಟ್ಟೆ ಅಂದರೆ ಅತ್ತ ಫ್ರಾನ್ಸಿನಲ್ಲಿ ನನ್ನದೇ ಎರಡು ಬಿಲ್ಲೆ ಎದ್ದು ಹೋಗುತ್ತವೆ, ಒಂದು ಕೆಂಪು ಬಿಲ್ಲೆ ಬಂದು ಕೂರುತ್ತದೆ. ಒಂದು ಸುತ್ತಿಗೆ ಒಂದು ಕಾರ್ಡನ್ನು ಬಾಹ್ಯಾಕಾಶ ಯೋಜನೆಗೆ ಹಾಕಿ ಕೈ ತೊಳೆದುಕೊಳ್ಳಬಹುದು. ಉಳಿದದ್ದನ್ನು ನುಂಗಲೇಬೇಕು. ಇಸ್ಪೀಟಿನಲ್ಲಿ ಕೆಟ್ಟ ಎಲೆ ಬಂದರೆ ಕೆಟ್ಟ ಎಲೆ, ಅಷ್ಟೇ. ಇಲ್ಲಿ ಕೆಟ್ಟ ಎಲೆ ಯಾವಾಗ ಇಳಿಸಿದರೆ ಕಡಿಮೆ ಏಟು ಅನ್ನುವ ಲೆಕ್ಕವೇ ಆಟ.

ಇದನ್ನು ಯಾರು ಯೋಚಿಸಿದರೋ, ಅವರಿಗೆ ದೊಡ್ಡ ದೇಶಗಳ ನಡವಳಿಕೆ ಚೆನ್ನಾಗಿ ಗೊತ್ತು. ಬಾಂಗ್ಲಾದೇಶ ಯುದ್ಧದ ವರ್ಷ, 1971ರ ಜುಲೈಯನ್ನೇ ನೋಡಿ. ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಚೀನಾ ಬೇಕಿತ್ತು. 1969ರಲ್ಲಿ ಉಸ್ಸೂರಿ ನದಿಯ ಹತ್ತಿರ ಚೀನಾ, ಸೋವಿಯತ್ ಸೈನಿಕರು ಬಡಿದಾಡಿಕೊಂಡಿದ್ದರು, ಆ ಬಿರುಕಿನೊಳಗೆ ಕೈ ಹಾಕಬೇಕಿತ್ತು. ಬಾಗಿಲು ತೆಗೆಸಿಕೊಟ್ಟಿದ್ದು ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್. ನಿಕ್ಸನ್‌ರ ಸಲಹೆಗಾರ ಹೆನ್ರಿ ಕಿಸಿಂಜರ್ ಪಾಕಿಸ್ತಾನಕ್ಕೆ ಬಂದವರು ಹೊಟ್ಟೆ ಕೆಟ್ಟಿದೆ ಅಂತ ಸುದ್ದಿ ಹಬ್ಬಿಸಿ, ನಾಥಿಯಾಗಲಿ ಬೆಟ್ಟದಲ್ಲಿ ವಿಶ್ರಾಂತಿ ಅಂತ ಹೇಳಿಸಿ, ಜುಲೈ 9ಕ್ಕೆ ಗುಟ್ಟಾಗಿ ಬೀಜಿಂಗಿನಲ್ಲಿ ಇಳಿದರು. 15ನೇ ತಾರೀಕು ನಿಕ್ಸನ್ ಟೀವಿಯಲ್ಲಿ ಬಂದು ತಾನು ಚೀನಾಕ್ಕೆ ಹೋಗುತ್ತೇನೆ ಅಂತ ಘೋಷಿಸಿದರು. ಜಗತ್ತೇ ಬಾಯಿ ಬಿಟ್ಟಿತು. ಎಂಥಾ ಎಲೆ! ಆದರೆ ಅದೇ ಎಲೆಯ ಇನ್ನೊಂದು ಮಗ್ಗುಲು ದೆಹಲಿಯಲ್ಲಿ ತೆರೆದುಕೊಂಡಿತು. ಆಗಸ್ಟ್ 9ಕ್ಕೆ ಎರಡೂ ದೇಶಗಳ ವಿದೇಶಾಂಗ ಸಚಿವರು, ಗ್ರೋಮಿಕೊ ಮತ್ತು ಸ್ವರಣ್ ಸಿಂಗ್, ಭಾರತ-ಸೋವಿಯತ್ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಮಾತು 1969ರಿಂದಲೇ ನಡೆದಿತ್ತು, ದೆಹಲಿ ಮೀನಮೇಷ ಎಣಿಸುತ್ತಿತ್ತು. ಕಿಸಿಂಜರ್ ಬೀಜಿಂಗಿಗೆ ಹೋಗಿ ಬಂದ ಒಂದೇ ತಿಂಗಳಿಗೆ ಸಹಿ ಬಿತ್ತು. ಡಿ ಗಾಲ್ ಕಾರ್ಡಿನ ಹಾಗೆಯೇ ಅಲ್ವಾ ಇದು? ತನಗೆ ಬೇಕಾದ್ದನ್ನು ಮಾಡಿಕೊಳ್ಳುವ ಕೈಯೇ ಎದುರಾಳಿಗೂ ಬೇಕಾದ್ದನ್ನು ಮಾಡಿಕೊಟ್ಟಿತು.

ಇಲ್ಲಿಯವರೆಗೆ ಆಟಕ್ಕೆ ಪೂರ್ತಿ ಮಾರ್ಕು.

ನನ್ನ ತಕರಾರು ಶುರುವಾಗುವುದು ಭಾರತ-ಪಾಕ್ ಯುದ್ಧದ ಕಾರ್ಡಿನಿಂದ. ನಮ್ಮವರು ಯಾರೇ ಈ ಆಟ ಆಡಿದರೂ ಮೊದಲು ಹುಡುಕುವುದು ಅದನ್ನೇ, ನಾನೂ ಹುಡುಕಿದೆ. ಎರಡು ಅಂಕದ ಕಾರ್ಡು, ಯಾರು ಬೇಕಾದರೂ ಬಳಸಬಹುದು. ಭಾರತ ಪಾಕಿಸ್ತಾನದ ಮೇಲೆ ನುಗ್ಗುತ್ತದೆ, ಇಲ್ಲ ಪಾಕಿಸ್ತಾನ ಭಾರತದ ಮೇಲೆ, ನೀವೇ ಆರಿಸಿ. ದಾಳ ಹಾಕಿ. ನುಗ್ಗಿಸಿಕೊಂಡ ದೇಶದ ಅಕ್ಕಪಕ್ಕ ಎದುರಾಳಿಯ ಹಿಡಿತದಲ್ಲಿ ಎಷ್ಟು ದೇಶ ಇವೆಯೋ ಅಷ್ಟು ಕಳೆಯಿರಿ. ಉಳಿದದ್ದು ನಾಲ್ಕು, ಐದು, ಆರು ಆದರೆ ಗೆದ್ದಿರಿ. 2 ಪಾಯಿಂಟ್ ನಿಮಗೆ. ಸೋತ ದೇಶದಲ್ಲಿ ಎದುರಾಳಿ ಇಟ್ಟಿದ್ದ ಬಿಲ್ಲೆಗಳೆಲ್ಲ ನಿಮ್ಮ ಬಣ್ಣಕ್ಕೆ ತಿರುಗುತ್ತವೆ. ಮುಗೀತು. ಹತ್ತು ಸೆಕೆಂಡಿನ ಕೆಲಸ.

ಮೊದಲ ಸಲ ಈ ಕಾರ್ಡು ಬಿದ್ದಾಗ ಮಾವನವರು ಸೋವಿಯತ್. ಅವರು ಯಾವಾಗಲೂ ಸೋವಿಯತ್ತೇ, ಅಮೆರಿಕದ ಕಡೆ ಕೂರೋದೇ ಇಲ್ಲ. ಅದಕ್ಕೆ ಕಾರಣ ಆಮೇಲೆ ಹೇಳುತ್ತೇನೆ. ಪಾಕಿಸ್ತಾನದ ಮೇಲೆ ದಾಳ ಹಾಕಿದರು, ಐದು ಬಿತ್ತು. ಗೆದ್ದರು. ಪಾಕಿಸ್ತಾನದಲ್ಲಿ ನಾನು ಕಷ್ಟಪಟ್ಟು ಇಟ್ಟಿದ್ದ ಮೂರು ನೀಲಿ ಬಿಲ್ಲೆ ತೆಗೆದು ಮೂರು ಕೆಂಪು ಬಿಲ್ಲೆ ಇಟ್ಟರು. ಇಟ್ಟವರು ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಭೂಪಟವನ್ನೇ ನೋಡುತ್ತಾ ಕೂತರು.

"ಅಳಿಯಂದ್ರೇ, ಇದು ಸರಿ ಇಲ್ಲ. ನಾವು ಗೆದ್ವಿ, ಸರಿ. ಪಾಕಿಸ್ತಾನ ಯಾವತ್ತು ರಷ್ಯಾದ ಕಡೆ ಹೋಯ್ತು?"

ಹೌದಲ್ಲ! ಸೋತ ಮೇಲೆ ಪಾಕಿಸ್ತಾನ ಕಾಮನ್‌ವೆಲ್ತ್ ಬಿಟ್ಟಿತು, ಅಮೆರಿಕದ ಮುಂದಾಳತ್ವದ ಸಿಯಾಟೊ ಕೂಟ ಬಿಟ್ಟಿತು, ಚೀನಾದ ಪಕ್ಕಕ್ಕೆ ಇನ್ನಷ್ಟು ಸರಿಯಿತು, ಮಾಸ್ಕೋ ಕಡೆಗೆ ಮಾತ್ರ ಹೋಗಲಿಲ್ಲ. ಆ ಕಾರ್ಡು ಗೆಲುವನ್ನು ಬಿಲ್ಲೆಯ ಬಣ್ಣ ಬದಲಾಯಿಸುವ ಕೆಲಸ ಮಾಡಿಬಿಟ್ಟಿದೆ. ನಿಜವಾದ ಗೆಲುವಿನಲ್ಲಿ ಹುಟ್ಟಿದ್ದು ಹೊಸದೊಂದು ದೇಶ. ಅದಕ್ಕೆ ಈ ಭೂಪಟದಲ್ಲಿ ಜಾಗವೇ ಇಲ್ಲ!

ಇದನ್ನು ಮಾವನವರೇ ಕಂಡುಹಿಡಿದಿದ್ದು. ಭಾರತದ ಚೌಕ ಇದೆ, ಪಶ್ಚಿಮಕ್ಕೆ ಪಾಕಿಸ್ತಾನ ಇದೆ, ಪೂರ್ವಕ್ಕೆ ಗೆರೆ ಎಳೆದುಕೊಂಡು ಹೋದರೆ ನೇರ ಬರ್ಮಾ. ಮಧ್ಯೆ ಏನೂ ಇಲ್ಲ. ಬಾಂಗ್ಲಾದೇಶವೂ ಇಲ್ಲ, ಪೂರ್ವ ಪಾಕಿಸ್ತಾನವೂ ಇಲ್ಲ. ಸಿಲೋನ್ ಕೂಡ ಇಲ್ಲ. 1971ರ ಫೆಬ್ರವರಿಯಲ್ಲಿ ಭಾರತ ತನ್ನ ಆಕಾಶ ಮುಚ್ಚಿದ ಮೇಲೆ ಪಾಕಿಸ್ತಾನದ ವಿಮಾನಗಳು ಢಾಕಾಕ್ಕೆ ಹೋಗಲು ಇಡೀ ಭಾರತವನ್ನು ಸುತ್ತು ಹಾಕಿ ಕೊಲಂಬೊದಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದವು. ಒಂದೇ ದೇಶದ ಎರಡು ತುಂಡು, ನಡುವೆ ಸಾವಿರದ ಆರುನೂರು ಕಿಲೋಮೀಟರ್ ಬೇರೆಯವರ ನೆಲ. ಯುದ್ಧಕ್ಕೆ ಕಾರಣ ಅಲ್ಲೇ ಇತ್ತು. 1970ರ ಡಿಸೆಂಬರ್ ಚುನಾವಣೆಯಲ್ಲಿ ಶೇಖ್ ಮುಜೀಬರ ಅವಾಮಿ ಲೀಗ್ ಪೂರ್ವದ 169 ಸೀಟಿನಲ್ಲಿ 167 ಗೆದ್ದು ಇಡೀ ಪಾಕಿಸ್ತಾನದಲ್ಲಿ ಬಹುಮತ ಪಡೆಯಿತು. ಅಧಿಕಾರ ಕೊಡಲಿಲ್ಲ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೈನ್ಯ ಇಳಿಸಿದರು. ಸುಮಾರು ಒಂದು ಕೋಟಿ ಜನ ಗಡಿ ದಾಟಿ ಈಚೆಗೆ ಬಂದರು. ಏಪ್ರಿಲ್ 6ಕ್ಕೆ ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತವರ ಸಿಬ್ಬಂದಿ ತಮ್ಮದೇ ಸರ್ಕಾರದ ಮೌನವನ್ನು ಖಂಡಿಸಿ ವಾಷಿಂಗ್ಟನ್ನಿಗೆ ತಂತಿ ಕಳಿಸಿದರು. ಚೀನಾದ ಬಾಗಿಲು ಯಾಹ್ಯಾ ಕೈಯಲ್ಲಿತ್ತಲ್ಲ, ಅದಕ್ಕೇ ಆ ತಂತಿಗೆ ಬೆಲೆ ಸಿಗಲಿಲ್ಲ. ಬ್ಲಡ್ ಅವರನ್ನೇ ಅಲ್ಲಿಂದ ಎತ್ತಂಗಡಿ ಮಾಡಿದರು.

ಮಾವನವರು ಆಗ ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದರು. ನಿರಾಶ್ರಿತರನ್ನು ಅವರು ನೋಡಿಲ್ಲ. ಆದರೆ ನವೆಂಬರ್ ಮಧ್ಯದಿಂದ ಕಾಗದ ಹಾಕಬೇಕು ಅಂದರೆ ಐದು ಪೈಸೆಯ ನಿರಾಶ್ರಿತರ ಪರಿಹಾರದ ಅಂಚೆಚೀಟಿ ಜಾಸ್ತಿ ಅಂಟಿಸಬೇಕಿತ್ತು, ಅದು ಚೆನ್ನಾಗಿ ನೆನಪಿದೆ. ಊರಿಂದ ದುಡ್ಡು ತರಿಸಿಕೊಳ್ಳುವ ಹುಡುಗನಿಗೆ ಆ ಐದು ಪೈಸೆಯೂ ಭಾರವೇ. ಅವರು ಎದ್ದು ಒಳಗೆ ಹೋದರು. ಹಳೇ ನಾಣ್ಯ ಹಾಕಿಟ್ಟಿರುವ ಬೋರ್ನ್‌ವಿಟಾ ಡಬ್ಬಿ ತಂದರು, ತಡಕಾಡಿ ಒಂದು ಐದು ಪೈಸೆ ತೆಗೆದರು. ಆ ಚೌಕಾಕಾರದ ಅಲ್ಯೂಮಿನಿಯಂ ನಾಣ್ಯ, ಊದಿದರೆ ಹಾರಿ ಹೋಗುವಷ್ಟು ಹಗುರ. ಭಾರತಕ್ಕೂ ಬರ್ಮಾಕ್ಕೂ ಮಧ್ಯೆ ಇಟ್ಟರು. "ಇದು ಪೂರ್ವ ಪಾಕಿಸ್ತಾನ. ಈಗ ಆಡಿ" ಅಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ನಿಯಮ ಬೇರೆ. ಯುದ್ಧದ ಕಾರ್ಡು ಗೆದ್ದರೆ ಪಾಕಿಸ್ತಾನದ ಬಿಲ್ಲೆಗಳನ್ನು ಮುಟ್ಟುವ ಹಾಗಿಲ್ಲ. ಐದು ಪೈಸೆ ಗೆದ್ದವರ ಕಡೆಗೆ, ಮುಂದೆ ಅದನ್ನು ಏಷ್ಯಾದ ಒಂದು ದೇಶ ಅಂತ ಲೆಕ್ಕ ಹಾಕಬೇಕು. ಆದರೆ ಅದರ ಸ್ಥಿರತೆ ಒಂದೇ ಅಂಕ, ಯಾರು ಬೇಕಾದರೂ ಬೇಗ ಕಿತ್ತುಕೊಳ್ಳಬಹುದು. ಇದು ಸುಮ್ನೆ ಹೊಳೆದದ್ದೇನಲ್ಲ. 1972ರಲ್ಲಿ ಚಿತ್ತಗಾಂಗ್ ಬಂದರಿನ ನೀರೊಳಗಿನ ಬಾಂಬು, ಮುಳುಗಿದ ಹಡಗು ಎಲ್ಲ ಎತ್ತಿ ಸ್ವಚ್ಛ ಮಾಡಲು ಸೋವಿಯತ್ ನೌಕಾಪಡೆ ಬಂದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಬಾಂಗ್ಲಾದೇಶ ವಿಶ್ವಸಂಸ್ಥೆಗೆ ಸೇರುವುದನ್ನು ಚೀನಾ ವೀಟೊ ಹಾಕಿ ತಡೆಯಿತು. ಮೂರು ವರ್ಷಕ್ಕೆ, 1975ರ ಆಗಸ್ಟಿನಲ್ಲಿ, ಮುಜೀಬ್ ಕೊಲೆಯಾದರು. ಅದೇ ತಿಂಗಳ ಕೊನೆಗೆ ಚೀನಾ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಿತು. ಐದು ಪೈಸೆ ಎಷ್ಟು ಬೇಗ ಮಗ್ಗುಲು ಬದಲಾಯಿಸಿತು ನೋಡಿ.

ಇನ್ನೊಂದು ವಿಷಯ ನನಗೆ ನಾಲ್ಕೈದು ಆಟ ಆದ ಮೇಲೆ ಹೊಳೆದದ್ದು, ಹೊಳೆದ ಮೇಲೆ ಸ್ವಲ್ಪ ಹೊಟ್ಟೆ ತೊಳಸಿದ ಹಾಗಾಯಿತು. ಈ ಆಟದಲ್ಲಿ ಡೆಫ್ಕಾನ್ ಅಂತ ಒಂದು ಪಟ್ಟಿ ಇದೆ, ಅಣುಯುದ್ಧಕ್ಕೆ ಎಷ್ಟು ಹತ್ತಿರ ಬಂದಿದ್ದೇವೆ ಅಂತ ತೋರಿಸುವುದು. ಐದರಿಂದ ಶುರು. ಆಯಕಟ್ಟಿನ ದೇಶದಲ್ಲಿ ದಂಗೆ ಎಬ್ಬಿಸಿದರೆ ಒಂದು ಇಳಿಯುತ್ತದೆ. ನಾಲ್ಕಕ್ಕೆ ಬಂದರೆ ಯುರೋಪಿನಲ್ಲಿ ದಂಗೆ ಎಬ್ಬಿಸುವ ಹಾಗಿಲ್ಲ, ಮೂರಾದರೆ ಏಷ್ಯಾದಲ್ಲೂ ಇಲ್ಲ, ಎರಡಾದರೆ ಮಧ್ಯಪ್ರಾಚ್ಯದಲ್ಲೂ ಇಲ್ಲ. ಒಂದಾದರೆ ಅಣುಯುದ್ಧ, ಯಾರ ಸರದಿಯಲ್ಲಿ ಆಯಿತೋ ಅವರು ಸೋತರು. ಎದುರಾಳಿಯ ಘಟನೆಯಿಂದಲೇ ಆದರೂ ಸರಿ, ಕಾರ್ಡು ನಿಮ್ಮ ಕೈಯಿಂದ ಬಿತ್ತು ತಾನೇ, ತಪ್ಪು ನಿಮ್ಮದೇ. ಅದ್ಭುತವಾದ ನಿಯಮ, ಕೊನೆಯ ಸುತ್ತುಗಳಲ್ಲಿ ಕೈ ಬೆವರುತ್ತದೆ. ಇದರ ಜೊತೆಗೆ ಇನ್ನೊಂದು ಕೋಟಾ. ಪ್ರತಿ ಸುತ್ತಿನಲ್ಲೂ ಡೆಫ್ಕಾನ್ ಎಷ್ಟಿದೆಯೋ ಅಷ್ಟು ಅಂಕದ ಸೈನಿಕ ಕಾರ್ಯಾಚರಣೆ ನೀವು ಮಾಡಿರಲೇಬೇಕು. ಮಾಡದಿದ್ದರೆ ಕಮ್ಮಿ ಬಿದ್ದಷ್ಟು ಪಾಯಿಂಟ್ ಎದುರಾಳಿಗೆ.

ಈಗ ನೋಡಿ. ಡೆಫ್ಕಾನ್ ಎರಡರಲ್ಲಿದೆ, ಆಟದ ಬಹುಪಾಲು ಅಲ್ಲೇ ಇರುತ್ತದೆ. ಕೋಟಾ ಎರಡು. ದಂಗೆ ಎಬ್ಬಿಸಲು ಹೆಚ್ಚು ಜಾಗವಿಲ್ಲ, ಆಯಕಟ್ಟಿನ ದೇಶದಲ್ಲಿ ಎಬ್ಬಿಸಿದರೆ ಜಗತ್ತೇ ಸುಟ್ಟು ಹೋಗುತ್ತದೆ. ಕೈಯಲ್ಲಿ ಭಾರತ-ಪಾಕ್ ಯುದ್ಧ ಇದೆ. ಯುದ್ಧದ ಕಾರ್ಡು ದಂಗೆಯ ಲೆಕ್ಕಕ್ಕೆ ಬರಲ್ಲ, ಡೆಫ್ಕಾನ್ ಇಳಿಸಲ್ಲ, ಏಷ್ಯಾ ಬಂದ್ ಆಗಿದ್ದರೂ ನಡೆಯುತ್ತದೆ, ಸೈನಿಕ ಕಾರ್ಯಾಚರಣೆ ಸರಿಯಾಗಿ ಎರಡು ಅಂಕ ಕೊಡುತ್ತದೆ. ಹಾಕಿದೆ. ಸೋತರೂ ಕೋಟಾ ತುಂಬಿತು! ತಿಂಗಳ ಕೊನೆಯ ಟಾರ್ಗೆಟ್ ಮುಟ್ಟಿಸಿದ ಸೇಲ್ಸ್‌ಮ್ಯಾನ್ ಥರ ನಿಟ್ಟುಸಿರು ಬಿಟ್ಟೆ. ಒಂದು ಕೋಟಿ ಜನರ ಗೋಳು, ಢಾಕಾದ ಆ ರಾತ್ರಿ, ಎಲ್ಲ ನನಗೆ ಕೋಟಾ ತುಂಬಿಸುವ ಕಾರ್ಡು. ಆ ಕಾರ್ಡನ್ನು ಒಮ್ಮೆ ಆಡಿದರೆ ಆಟದಿಂದ ಹೊರಗೆ ಹೋಗುವುದಿಲ್ಲ. ಕೊರಿಯಾ ಯುದ್ಧ ಒಂದೇ ಸಲ, ಇದು ಮಾತ್ರ ಕಟ್ಟು ಕಲಸಿದಾಗಲೆಲ್ಲ ವಾಪಸ್ ಬರುತ್ತದೆ. 1947, 1965, 1971 ಅಂತ ನೋಡಿದರೆ ಅದೂ ನ್ಯಾಯವೇ ಅನ್ನಿ.

ಆಟ ಮಾಡಿದವರು ಇದನ್ನು ಗೊತ್ತಿದ್ದೇ ಮಾಡಿದ್ದಾರಾ, ದೊಡ್ಡವರು ಸಣ್ಣವರ ಯುದ್ಧವನ್ನು ಹೀಗೇ ನೋಡುತ್ತಾರೆ ಅಂತ ತೋರಿಸುವುದಕ್ಕೇ? ಇರಬಹುದು. ಹಾಗಿದ್ದರೆ ಭೇಷ್. ಆದರೆ ಯುದ್ಧದಿಂದ ಡೆಫ್ಕಾನ್ ಅಲ್ಲಾಡಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದ ಮೇಲೆ ಎರಡು ವಾರ ನಡೆದದ್ದು ನೋಡಿ. ಭದ್ರತಾ ಮಂಡಳಿಯಲ್ಲಿ ಕದನ ವಿರಾಮದ ನಿರ್ಣಯಕ್ಕೆ ಸೋವಿಯತ್ ಮೂರು ಸಲ ವೀಟೊ ಹಾಕಿತು. ಬ್ರಿಟನ್, ಫ್ರಾನ್ಸ್ ಅಮೆರಿಕದ ಪಕ್ಕ ನಿಲ್ಲದೆ ಮತದಾನದಿಂದ ದೂರ ಉಳಿದವು. ಸಾಮಾನ್ಯ ಸಭೆಯಲ್ಲಿ 104 ದೇಶ ಒಂದು ಕಡೆ, ಭಾರತವೂ ಸೇರಿ ಇನ್ನೊಂದು ಕಡೆ ಬರೀ 11, ಅದರಲ್ಲಿ ಭಾರತ, ಭೂತಾನ್ ಬಿಟ್ಟರೆ ಉಳಿದವೆಲ್ಲ ಸೋವಿಯತ್ ಬಣದವು. ಅಲಿಪ್ತರು ಅಲಿಪ್ತರು ಅಂತ ನಾವು ಕೈ ಹಿಡಿದುಕೊಂಡು ಓಡಾಡಿದ ಗೆಳೆಯರೇ ಬಹಳ ಜನ ಆ 104ರಲ್ಲಿದ್ದರು. ಇಲ್ಲಿ ಜೋರ್ಡನ್ನಿನಿಂದ ಅಮೆರಿಕನ್ ಯುದ್ಧವಿಮಾನಗಳು ಪಾಕಿಸ್ತಾನಕ್ಕೆ ಬಂದವು, ವಾಷಿಂಗ್ಟನ್ ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿತ್ತು. ಆಮೇಲೆ ಅಮೆರಿಕದ ವಿಮಾನವಾಹಕ ಯುದ್ಧನೌಕೆ ಎಂಟರ್‌ಪ್ರೈಸ್.

ಮಾವನವರು ಸೋವಿಯತ್ ಕಡೆಯೇ ಕೂರುವುದು ಇದರಿಂದ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಪಕ್ಕದ ಹೋಟೆಲಿನಲ್ಲಿ ರೇಡಿಯೊ ಇತ್ತಂತೆ. ಕಾಲೇಜು ಹುಡುಗರು, ಹಮಾಲರು, ದಲ್ಲಾಳಿಗಳು ಎಲ್ಲ ವಾರ್ತೆ ಹೊತ್ತಿಗೆ ಬಾಗಿಲಲ್ಲಿ. ಅಮೆರಿಕದ ಏಳನೇ ನೌಕಾಪಡೆ ಬಂಗಾಳ ಕೊಲ್ಲಿಗೆ ಬರುತ್ತಿದೆ, ಅಣುಶಕ್ತಿಯಿಂದ ಓಡುವ ಹಡಗಂತೆ, ಅಂತ ಸುದ್ದಿ. ಒಬ್ಬ ಹಮಾಲ ಚೀಲ ಇಳಿಸಿ ಬಂದು "ಅದು ಬಂದ್ರೆ ತಿಪಟೂರ್ ತನಕ ಬತ್ತದಾ ಸ್ವಾಮಿ" ಅಂತ ಕೇಳಿದನಂತೆ. ಯಾರೂ ನಗಲಿಲ್ಲವಂತೆ. ಎಲ್ಲರಿಗೂ ಅದೇ ಪ್ರಶ್ನೆ ಇತ್ತು. ಆಮೇಲೆ ರಷ್ಯಾದ ಹಡಗುಗಳೂ ಅದರ ಬೆನ್ನು ಹತ್ತಿ ಬಂದಿವೆ ಅಂತ ಗೊತ್ತಾದಾಗ ಹೋಟೆಲಿನವನು ಎಲ್ಲರಿಗೂ ಬಿಟ್ಟಿ ಕಾಫಿ ಕೊಟ್ಟ ಅಂತ ಮಾವನವರು ಹೇಳುತ್ತಾರೆ. ಅತ್ತೆ ಮಾತ್ರ ಆ ಕಾಫಿಯ ಕತೆ ಪ್ರತಿ ವರ್ಷ ದೊಡ್ಡದಾಗ್ತಾ ಇದೆ ಅನ್ನುತ್ತಾರೆ. ಎಂಟರ್‌ಪ್ರೈಸ್ ಬಂತು, ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನಾಧಿಕಾರಿ ನಿಯಾಜಿ ಶರಣಾಗತಿಗೆ ಸಹಿ ಹಾಕಿದ, 93,000 ಜನ ಸೆರೆಯಾದರು, ಎಂಟರ್‌ಪ್ರೈಸ್ ಒಂದು ಗುಂಡೂ ಹಾರಿಸದೆ ಹೋಯಿತು. ಇಷ್ಟೆಲ್ಲ ಆದರೂ ಆಟದ ಡೆಫ್ಕಾನ್ ಇದ್ದಲ್ಲೇ ಇರುತ್ತದೆ ಅಂದರೆ ಹೇಗೆ? ಹಾಗಾಗಿ ನಮ್ಮ ಎರಡನೇ ಮನೆನಿಯಮ: ಐದು ಪೈಸೆ ಕೈ ಬದಲಾದರೆ ಡೆಫ್ಕಾನ್ ಒಂದು ಇಳಿಯಬೇಕು. ಈ ನಿಯಮ ಬಂದ ಮೇಲೆ ಆ ಕಾರ್ಡನ್ನು ಕೋಟಾ ತುಂಬಿಸಲು ಯಾರೂ ಬಳಸುತ್ತಿಲ್ಲ, ಹಾಕುವಾಗ ಇಬ್ಬರೂ ಉಸಿರು ಬಿಗಿಹಿಡಿಯುತ್ತೇವೆ.

ಚೀನಾ ಕಾರ್ಡಿನ ಬಗ್ಗೆ ಹೇಳದಿದ್ದರೆ ಈ ಆಟದ ಬಗ್ಗೆ ಹೇಳಿದ ಹಾಗೇ ಅಲ್ಲ. ಭೂಪಟದಲ್ಲಿ ಚೀನಾಕ್ಕೆ ಬಿಲ್ಲೆ ಇಡುವ ಚೌಕ ಇಲ್ಲ. ಅದು ಒಂದು ಪ್ರತ್ಯೇಕ ಕಾರ್ಡು. ಶುರುವಿನಲ್ಲಿ ಸೋವಿಯತ್ ಕೈಯಲ್ಲಿರುತ್ತದೆ. ನಾಲ್ಕು ಅಂಕ, ಪೂರ್ತಿ ಏಷ್ಯಾದಲ್ಲೇ ಬಳಸಿದರೆ ಐದು. ನಮ್ಮ ಇಸ್ಪೀಟಿನ ತುರುಫು ಇದ್ದ ಹಾಗೆ. ಆದರೆ ಒಮ್ಮೆ ಆಡಿದರೆ ಅದು ಎದುರಾಳಿಯ ಕೈಗೆ ಹೋಗುತ್ತದೆ. ಹಾಗಾಗಿ ಇಟ್ಟುಕೊಂಡವನಿಗೆ ಆಡಲು ಭಯ, ಇಲ್ಲದವನಿಗೆ ಯಾವಾಗ ಬರುತ್ತೋ ಅನ್ನುವ ಆಸೆ. ಉಸ್ಸೂರಿ ಚಕಮಕಿಯ ಕಾರ್ಡು ಬಿದ್ದರೆ ಇದು ಅಮೆರಿಕಕ್ಕೆ, ನಿಕ್ಸನ್ ಕಾರ್ಡು ಬಿದ್ದರೂ ಅಮೆರಿಕಕ್ಕೆ. ಮಾವನವರು ಒಂದು ಆಟದಲ್ಲಿ ಈ ಕಾರ್ಡನ್ನು ಏಳು ಸುತ್ತು ಆಡದೆ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ನಿಜವಾಗಿ, ತೊಡೆಯ ಕೆಳಗೆ.

ಇಷ್ಟು ಚೆನ್ನಾಗಿರುವ ಕಾರ್ಡಿನಲ್ಲೂ ಒಂದು ಕೊರತೆ. ಈ ಕಾರ್ಡು ಹೇಳಿದ ಮಾತು ಕೇಳುತ್ತದೆ. ನಿಜವಾದ ಚೀನಾ ಕೇಳಲಿಲ್ಲ. ಡಿಸೆಂಬರ್ 10ರಂದು ಕಿಸಿಂಜರ್ ನ್ಯೂಯಾರ್ಕಿನಲ್ಲಿ ಚೀನಾದ ಪ್ರತಿನಿಧಿ ಹುವಾಂಗ್ ಹುವಾ ಅವರನ್ನು ಗುಟ್ಟಾಗಿ ಭೇಟಿಯಾದರು. ನೀವು ಭಾರತದ ಗಡಿಯಲ್ಲಿ ಸ್ವಲ್ಪ ಅಲುಗಾಡಿದರೆ ಅಮೆರಿಕ ನಿಮ್ಮ ಬೆನ್ನಿಗಿದೆ ಅನ್ನುವ ಅರ್ಥ ಬರುವ ಹಾಗೆ ಮಾತಾಡಿದರು. ಎರಡು ದಿನ ಬಿಟ್ಟು ಬೀಜಿಂಗಿನ ಉತ್ತರ ಬಂತು, ವಿಶ್ವಸಂಸ್ಥೆಯಲ್ಲಿ ಏನು ಮಾಡಬೇಕು ಅನ್ನುವ ಮಾತು ಬಿಟ್ಟು ಬೇರೇನೂ ಅದರಲ್ಲಿರಲಿಲ್ಲ. ಹಿಮಾಲಯದ ಕಣಿವೆಗಳಲ್ಲಿ ಹಿಮ ಬಿದ್ದಿತ್ತು. ಉತ್ತರದ ಗಡಿಯಲ್ಲಿ ಸೋವಿಯತ್ ಸೈನ್ಯ ಕೂತಿತ್ತು. ಮನೆಯೊಳಗೆ ಚೀನಾದ ರಕ್ಷಣಾ ಸಚಿವ ಲಿನ್ ಬಿಯಾವೊ ಸೆಪ್ಟೆಂಬರಿನಲ್ಲಷ್ಟೇ ವಿಮಾನ ಬಿದ್ದು ಸತ್ತಿದ್ದರು, ಸೈನ್ಯದೊಳಗೇ ಗೊಂದಲ. ಯಾಹ್ಯಾ ಖಾನ್ ಇಬ್ಬರು ದೊಡ್ಡವರಿಗೆ ಮದುವೆ ಮಾಡಿಸಿದ ದಲ್ಲಾಳಿ, ಕಷ್ಟ ಬಂದಾಗ ಇಬ್ಬರೂ ಬರುತ್ತಾರೆ ಅಂದುಕೊಂಡಿದ್ದರು. ಒಬ್ಬರು ಹಡಗು ಕಳಿಸಿದರು, ಇನ್ನೊಬ್ಬರು ಮಾತು ಕಳಿಸಿದರು.

ಇದೇ ನನ್ನ ಮುಖ್ಯ ತಕರಾರು ಅನ್ನಿ. ಈ ಆಟದಲ್ಲಿ ಆಡುವವರು ಇಬ್ಬರೇ. ಭಾರತ, ಪಾಕಿಸ್ತಾನ, ಈಜಿಪ್ಟ್ ಎಲ್ಲ ಖಾಲಿ ಚೌಕ, ಯಾರೋ ಬಂದು ಬಿಲ್ಲೆ ಇಡುವವರೆಗೆ ಕಾಯುತ್ತಾ ಕೂತಿರುತ್ತವೆ. ಆಟ ಶುರುವಾಗುವಾಗ ಭಾರತದಲ್ಲೂ ಪಾಕಿಸ್ತಾನದಲ್ಲೂ ಒಂದು ಬಿಲ್ಲೆಯೂ ಇರುವುದಿಲ್ಲ. 1971ರಲ್ಲಿ ಎಳೆದಾಡಿದವರು ಆ ಖಾಲಿ ಚೌಕದವರೇ. ಯಾಹ್ಯಾ ತನ್ನ ಬಾಗಿಲನ್ನು ತೋರಿಸಿ ನಿಕ್ಸನ್‌ರನ್ನು ಕಟ್ಟಿಹಾಕಿದರು. ಇಂದಿರಾ ಗಾಂಧಿ ಒಪ್ಪಂದ ಇಟ್ಟುಕೊಂಡು ಮಾಸ್ಕೋದ ವೀಟೊ ಗಳಿಸಿದರು, ನವೆಂಬರಿನಲ್ಲಿ ವಾಷಿಂಗ್ಟನ್ನಿಗೂ ಹೋಗಿ ಬಂದರು, ಯುದ್ಧದ ದಿನ ತಾವೇ ಗೊತ್ತು ಮಾಡಿಕೊಳ್ಳುವಷ್ಟು ಜಾಗ ಉಳಿಸಿಕೊಂಡರು. ದೊಡ್ಡವರಿಬ್ಬರಿಗೆ ಈ ಯುದ್ಧ ಅಷ್ಟು ದೊಡ್ಡದೂ ಆಗಿರಲಿಲ್ಲ ಅನ್ನುವುದಕ್ಕೆ ಮುಂದಿನ ಆರು ತಿಂಗಳು ನೋಡಿ: 1972ರ ಫೆಬ್ರವರಿಗೆ ನಿಕ್ಸನ್ ಬೀಜಿಂಗಿನಲ್ಲಿ, ಮೇ ತಿಂಗಳಿಗೆ ಮಾಸ್ಕೋದಲ್ಲಿ ಬ್ರೆಜ್ನೆವ್ ಜೊತೆ ಕ್ಷಿಪಣಿ ಒಪ್ಪಂದಕ್ಕೆ ಸಹಿ. ಏಪ್ರಿಲಿನಲ್ಲಿ ಅಮೆರಿಕ ಬಾಂಗ್ಲಾದೇಶಕ್ಕೂ ಮಾನ್ಯತೆ ಕೊಟ್ಟಾಗಿತ್ತು.

ಅದಕ್ಕೂ ಒಂದು ಮನೆನಿಯಮ ಮಾಡಿದ್ದೇವೆ, ಇದು ನನ್ನದು. ನಿಕ್ಸನ್ ಕಾರ್ಡು ಆಡಿ ಚೀನಾ ಪಡೆಯಬೇಕು ಅಂದರೆ ಅಮೆರಿಕದ ಒಂದು ಬಿಲ್ಲೆಯಾದರೂ ಪಾಕಿಸ್ತಾನದಲ್ಲಿರಬೇಕು. ಇಲ್ಲದಿದ್ದರೆ ಬಾಗಿಲು ತೆರೆಯಲ್ಲ. ಈ ಒಂದು ಬದಲಾವಣೆಗೆ ಪಾಕಿಸ್ತಾನದ ಚೌಕದ ಬೆಲೆ ಎಷ್ಟು ಏರಿತು ಅಂದರೆ, ಮಾವನವರು ಈಗ ಮೊದಲ ಸುತ್ತಿನಲ್ಲೇ ಇರಾನಿನಲ್ಲಿ ದಂಗೆ ಎಬ್ಬಿಸಿ, ಅಫ್ಘಾನಿಸ್ತಾನದಿಂದಲೂ ಇಳಿದು, ಅಲ್ಲಿ ನನ್ನ ಉಸಿರು ಕಟ್ಟಿಸುತ್ತಾರೆ. ಸೋವಿಯತ್ತಿಗೆ ಆಟದ ಮೊದಲರ್ಧ ಹೇಗೂ ಸಲೀಸು, ಅದಕ್ಕೇ ಪಳಗಿದವರು ಅಮೆರಿಕದವನಿಗೆ ಶುರುವಿನಲ್ಲೇ ಎರಡು ಬಿಲ್ಲೆ ಜಾಸ್ತಿ ಕೊಟ್ಟು ಕೂರುತ್ತಾರೆ. ನಮ್ಮ ಮಾವ ಒಂದೂ ಕೊಡುವುದಿಲ್ಲ. "ನಿಕ್ಸನ್‌ಗೆ ಯಾರು ಕೊಟ್ಟಿದ್ರು?" ಅನ್ನುತ್ತಾರೆ.

ಕೊಳ್ಳಬೇಕಾ ಅಂತ ಕೇಳಿದರೆ: ಒಬ್ಬ ಖಾಯಂ ಜೊತೆಗಾರ ಇದ್ದರೆ, ವಾರಕ್ಕೆ ಒಂದು ಮಧ್ಯಾಹ್ನ ಬಿಡುವಿದ್ದರೆ, ಕೊಳ್ಳಿ. ಆಟಕ್ಕೆ ಐದಕ್ಕೆ ನಾಲ್ಕೂವರೆ. ದಾಳದ ಅದೃಷ್ಟ ಕೆಲವು ಸಲ ಮೂರು ಗಂಟೆಯ ಲೆಕ್ಕಾಚಾರವನ್ನು ಒಂದೇ ಏಟಿಗೆ ಹಾಳು ಮಾಡುತ್ತದೆ, ಅರ್ಧ ಅದಕ್ಕೆ ಕಳೆದೆ. ಭಾರತ-ಪಾಕ್ ಯುದ್ಧದ ಕಾರ್ಡಿಗೆ ಐದಕ್ಕೆ ಎರಡು, ಐದು ಪೈಸೆ ಸೇರಿಸಿಕೊಂಡರೆ ನಾಲ್ಕು. ನಾಣ್ಯ ಇಲ್ಲದವರು ಒಂದು ಹುಣಸೆ ಬೀಜ ಇಟ್ಟುಕೊಂಡರೂ ನಡೆಯುತ್ತದೆ.

ಮೈಸೂರಿನಲ್ಲಿದ್ದು ಆಡಿ ನೋಡಿ ಆಮೇಲೆ ಕೊಳ್ಳೋಣ ಅನ್ನುವವರು ಹೇಳಿ, ಭಾನುವಾರ ಮಧ್ಯಾಹ್ನ ನಮ್ಮಲ್ಲೇ ಕೂರಬಹುದು. ಕಾಫಿ ಇರುತ್ತದೆ. ಆದರೆ ಕೆಂಪು ಬಿಲ್ಲೆ ಕೇಳಬೇಡಿ. ಅದು ಮಾವನವರದ್ದು, ಅವರು ಬಿಡಲ್ಲ.